ಐವತ್ತು ಗಂಟೆ ಮತ್ತು ಒಂದು ಸಹಿ

ನಮ್ಮ ಮನೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೀವಿ. ಮಗಳಿಗೆ ಹದಿನೈದೂವರೆ ತುಂಬಿ ಪರ್ಮಿಟ್ ಸಿಕ್ಕ ದಿನದಿಂದ ಅದರಲ್ಲಿ ತಾರೀಖು, ಎಷ್ಟು ನಿಮಿಷ ಓಡಿಸಿದಳು, ಹಗಲೋ ರಾತ್ರಿಯೋ ಅಂತ ಬರೆದಿಡ್ತಾ ಇದ್ದೀವಿ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದ ಮಕ್ಕಳಿಗೆ ಲೈಸೆನ್ಸ್ ಬೇಕಾದ್ರೆ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು. ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಅಷ್ಟೂ ಮುಗಿಸಿದ್ದಾಳೆ ಅಂತ ಸಹಿ ಹಾಕೋರು ಶಾಲೆಯವರೂ ಅಲ್ಲ, ಪೊಲೀಸರೂ ಅಲ್ಲ. ನಾವೇ.

ಅದೇ ತಿಂಗಳು ಶಾಲೆಯಿಂದ ಒಂದು ಪತ್ರ ಬಂತು. ಹೆಲ್ತ್ ಕ್ಲಾಸಲ್ಲಿ ದೇಹದ ಬಗ್ಗೆ, ಎಚ್‌ಐವಿ ಬಗ್ಗೆ, ಪ್ರೀತಿ-ಸ್ನೇಹದಲ್ಲಿ ಒಪ್ಪಿಗೆ ಅಂದ್ರೆ ಏನು ಅನ್ನೋದರ ಬಗ್ಗೆ ಪಾಠ ಇದೆ, ಬೇಡವಾದ್ರೆ ಬರೆದು ತಿಳಿಸಿ ಅಂತ. ಇಂಥ ಪತ್ರ ಬಂದಾಗಲೆಲ್ಲ ನಮ್ಮವರ ನಡುವೆ ಒಂದೇ ಮಾತು: "ಇದನ್ನೆಲ್ಲ ಶಾಲೆಯವರು ಯಾಕ್ರೀ ಕಲಿಸಬೇಕು?" ಇಲ್ಲೇ ಹುಟ್ಟಿದ ಮಕ್ಕಳು ಕೇಳೋದು ಇನ್ನೊಂದು: "ಮನೇಲಿ ಯಾಕೆ ಯಾರೂ ಹೇಳಲ್ಲ?"

ಈ ಎರಡು ಪ್ರಶ್ನೆಗಳೂ ಅಮೆರಿಕಕ್ಕೆ ಹೊಸದಲ್ಲ. ಸುಮಾರು 140 ವರ್ಷದಿಂದ ಈ ದೇಶ ಇದನ್ನೇ ಕೇಳಿಕೊಳ್ತಾ ಬಂದಿದೆ. ಈ ವಾರದ ಕಂತಿನಲ್ಲಿ ಮಾತಾಡಿದ ಈ ಇತಿಹಾಸವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ. ಓದುತ್ತಾ ಕನ್ನಡ ಕಲಿಯುತ್ತಿರುವವರಿಗೂ ಅದರಿಂದ ಅನುಕೂಲ ಆಗಬಹುದು.

ಮೊದಲು ಬಂದದ್ದು ಹೆದರಿಕೆ

ಕಾನೂನಿನ ಬಲದಿಂದ ಅಮೆರಿಕದ ಶಾಲೆಗಳಿಗೆ ಬಂದ ಆರೋಗ್ಯದ ಪಾಠಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕುಡಿತದ ವಿರುದ್ಧದ ಪಾಠ. ಗಂಡಸರು ಸಂಬಳವನ್ನೆಲ್ಲ ಕುಡಿದು ಮುಗಿಸಿ ಮನೆಗೆ ಬಂದು ಹೊಡೆಯುತ್ತಿದ್ದ ಕಾಲ ಅದು. 1874ರಲ್ಲಿ ಹೆಂಗಸರು ಸೇರಿ ವಿಮೆನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಕಟ್ಟಿದರು. ಬಹುಪಾಲು ಹೆಂಗಸರಿಗೆ ಆಗ ಮತದಾನದ ಹಕ್ಕಿರಲಿಲ್ಲ. ಗಂಡಂದಿರನ್ನು ತಿದ್ದೋಕೆ ಆಗದಿದ್ದರೂ ಮಕ್ಕಳನ್ನಾದರೂ ಉಳಿಸಿಕೊಳ್ಳೋಣ ಅಂತ ಅವರು ಶಾಲೆಗಳ ಕಡೆ ತಿರುಗಿದರು. ಮ್ಯಾಸಚೂಸೆಟ್ಸ್‌ನ ಮೇರಿ ಹಂಟ್ ಎಂಬ ಮಾಜಿ ಟೀಚರ್ ಈ ಕೆಲಸದ ಮುಂದಾಳು. 1882ರಲ್ಲಿ ವರ್ಮಾಂಟ್ ರಾಜ್ಯ ಈ ಪಾಠವನ್ನು ಕಡ್ಡಾಯ ಮಾಡಿತು. 1901ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಅಂಥ ಕಾನೂನು ಬಂದಿತ್ತು.

ಅವರ ಉದ್ದೇಶ ಒಳ್ಳೆಯದೇ ಆಗಿತ್ತು, ಪಾಠದಲ್ಲಿ ಮಾತ್ರ ಉತ್ಪ್ರೇಕ್ಷೆ ತುಂಬಿತ್ತು. ಒಂದು ತೊಟ್ಟು ಮದ್ಯವೂ ವಿಷ, ಕುಡಿದರೆ ಗಂಟಲು ಸುಟ್ಟುಹೋಗುತ್ತೆ ಅನ್ನೋ ಥರದ ಮಾತುಗಳು ಪಠ್ಯದಲ್ಲಿದ್ದವು. ಆ ಕಾಲದ ವಿದ್ವಾಂಸರ ಒಂದು ಸಮಿತಿಯೇ ಈ ಪುಸ್ತಕಗಳನ್ನು ಪರಿಶೀಲಿಸಿ, ಇವು ವಿಜ್ಞಾನಕ್ಕೆ ಹೊಂದುವುದಿಲ್ಲ ಅಂತ ಹೇಳಿತು. ಆ ಪಾಠ ಕೇಳಿ ಬೆಳೆದವರು ದೊಡ್ಡವರಾದ ಮೇಲೆ, 1920ರಲ್ಲಿ, ದೇಶಕ್ಕೇ ಪಾನನಿಷೇಧ ಬಂತು. 1933ರಲ್ಲಿ ಅದನ್ನು ತೆಗೆದುಹಾಕಿದರು.

ಇತ್ತ ಷಿಕಾಗೋದಲ್ಲಿ 1913ರಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ನಗರದ ಶಾಲೆಗಳಿಗೆಲ್ಲ ಮುಖ್ಯಸ್ಥೆಯಾಗಿದ್ದವರು ಎಲಾ ಫ್ಲ್ಯಾಗ್ ಯಂಗ್. ದೊಡ್ಡ ನಗರವೊಂದರಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಗುಹ್ಯರೋಗಗಳು ಹರಡುತ್ತಿದ್ದವು, ಔಷಧಿ ಸರಿಯಾಗಿ ಇರಲಿಲ್ಲ, ಮಾತಾಡೋಕೆ ಎಲ್ಲರಿಗೂ ನಾಚಿಕೆ. ಯಂಗ್ ಅವರು ವೈದ್ಯರನ್ನು ಕರೆಸಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆಯಾಗಿ ಉಪನ್ಯಾಸ ಮಾಡಿಸಿದರು. 20 ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳು ಕೇಳಿದರು. ಆದರೆ ಚರ್ಚಿನ ಹಿರಿಯರು, ಶಾಲಾ ಮಂಡಳಿಯ ಕೆಲವರು "ಇದು ತಂದೆತಾಯಿಯ ಕೆಲಸ" ಅಂತ ತಿರುಗಿ ಬಿದ್ದರು. ಕಾರ್ಯಕ್ರಮ ಅಲ್ಲಿಗೇ ನಿಂತಿತು. ತಂದೆತಾಯಿಯ ಕೆಲಸ ಅನ್ನೋದೇನೋ ಸರಿ. ಎಷ್ಟು ಮನೆಯಲ್ಲಿ ಆ ಕೆಲಸ ನಡೀತಿತ್ತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಪ್ರೊಫೆಸರ್ ಕಾರು

ಡ್ರೈವಿಂಗ್ ಪಾಠದ ಕಥೆ ಶುರುವಾಗೋದು ಪೆನ್ಸಿಲ್ವೇನಿಯಾದಲ್ಲಿ. ಊರಿನ ಹೆಸರೇ ಸ್ಟೇಟ್ ಕಾಲೇಜ್. ಅಲ್ಲಿನ ಪೆನ್ ಸ್ಟೇಟ್‌ನಲ್ಲಿ ಆಮೋಸ್ ನೇಹಾರ್ಟ್ ಎಂಬ ಎಂಜಿನಿಯರಿಂಗ್ ಮೇಷ್ಟ್ರಿದ್ದರು. ಅವರು ನಿಲ್ಲಿಸಿದ್ದ ಕಾರಿಗೆ ಕುಡಿದವನೊಬ್ಬ ಬಂದು ಗುದ್ದಿದ. ಆಗ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ರಸ್ತೆ ಅಪಘಾತದಲ್ಲಿ ಸಾಯುತ್ತಿದ್ದರು. ಓದು-ಬರಹ ಕಲಿಸುವ ಹಾಗೆ ಇದನ್ನೂ ಯಾಕೆ ಕಲಿಸಬಾರದು ಅಂತ ನೇಹಾರ್ಟ್ ಅವರಿಗೆ ಅನ್ನಿಸಿತು. 1933-34ರ ಹೊತ್ತಿಗೆ ಊರಿನ ಹೈಸ್ಕೂಲ್ ಮಕ್ಕಳಿಗೆ ತಮ್ಮ ಸ್ವಂತ ಕಾರಿನಲ್ಲೇ, 1929ರ ಗ್ರಹಾಂ-ಪೇಜ್ ಅದು, ಓಡಿಸೋದು ಕಲಿಸತೊಡಗಿದರು. ಅಮೆರಿಕದ ಹೈಸ್ಕೂಲಿನಲ್ಲಿ ರಸ್ತೆಗಿಳಿದು ಕಲಿಸಿದ ಮೊದಲ ಪಾಠ ಅದು ಅಂತ ಹೇಳ್ತಾರೆ.

ಮುಂದಿನ 30 ವರ್ಷದಲ್ಲಿ ಈ ಪಾಠ ದೇಶದುದ್ದಕ್ಕೂ ಹರಡಿತು. ವಿಮಾ ಕಂಪನಿಗಳು, ಕಾರು ಮಾರುವವರು ಬೆಂಬಲಕ್ಕೆ ನಿಂತರು. ಮಕ್ಕಳೂ ಖುಷಿಯಾಗಿಯೇ ಬರ್ತಿದ್ದರು. ಆದರೆ ಇಲ್ಲೂ ಹೆದರಿಕೆ ನುಸುಳಿತು. 1959ರಲ್ಲಿ ಒಹಾಯೋದಲ್ಲಿ "ಸಿಗ್ನಲ್ 30" ಎಂಬ ಚಿತ್ರ ತಯಾರಾಯಿತು. ಹೆದ್ದಾರಿ ಪೊಲೀಸರು ಸಾವಿನ ಅಪಘಾತಕ್ಕೆ ಬಳಸುತ್ತಿದ್ದ ಸಂಕೇತವೇ ಅದರ ಹೆಸರು. ನಿಜವಾದ ಅಪಘಾತದ ಜಾಗ, ನಿಜವಾದ ರಕ್ತ, ಅದೂ ಕಲರ್‌ನಲ್ಲಿ. ತರಗತಿಯಲ್ಲಿ ಅದನ್ನು ನೋಡಿ ತಲೆಸುತ್ತಿ ಬಿದ್ದವರ ಕಥೆಗಳನ್ನು ಆ ತಲೆಮಾರಿನವರು ಇವತ್ತಿಗೂ ಹೇಳ್ತಾರೆ.

ಇಷ್ಟೆಲ್ಲ ಮಾಡಿ ಸಾವು ಕಡಿಮೆಯಾಯಿತಾ? ಅದನ್ನು ತಿಳಿಯೋಕೆ 1970ರ ದಶಕದ ಕೊನೆಯಲ್ಲಿ ಜಾರ್ಜಿಯಾದ ಡಿಕಾಲ್ಬ್ ಕೌಂಟಿಯಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಸುಮಾರು 16 ಸಾವಿರ ಹೈಸ್ಕೂಲ್ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಬಹಳ ವಿಸ್ತಾರವಾದ ಪಾಠ, ಕೆಲವರಿಗೆ ಚಿಕ್ಕ ಪಾಠ, ಉಳಿದವರಿಗೆ ಶಾಲೆಯಲ್ಲಿ ಪಾಠವೇ ಇಲ್ಲ. ಮೊದಲ ಕೆಲವು ತಿಂಗಳು ಸ್ವಲ್ಪ ವ್ಯತ್ಯಾಸ ಕಂಡಿತು. ಆಮೇಲೆ ಅಪಘಾತದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಕನೆಕ್ಟಿಕಟ್‌ನ ಲೆಕ್ಕ ಇನ್ನೂ ಕಹಿ. ಅಲ್ಲಿ ರಾಜ್ಯದ ಹಣ ನಿಂತು ಕೆಲವು ಶಾಲೆಗಳು ಈ ಪಾಠ ಕೈಬಿಟ್ಟಾಗ, ಆ ಊರುಗಳಲ್ಲಿ 16-17ರ ಮಕ್ಕಳ ಅಪಘಾತ ಇಳಿಯಿತು. ಶಾಲೆಯಲ್ಲಿ ಪಾಠ ಇಲ್ಲದ್ದರಿಂದ ಅನೇಕರು ಲೈಸೆನ್ಸನ್ನೇ ತಡವಾಗಿ ತಗೊಂಡರು. ರಸ್ತೆಗೆ ಬಂದದ್ದೇ ತಡ, ಅದಕ್ಕೆ ಅಪಘಾತವೂ ಕಡಿಮೆ.

ಅಂದ್ರೆ ಸ್ಟೀರಿಂಗ್ ತಿರುಗಿಸೋದನ್ನು ಮೇಷ್ಟ್ರು ಕಲಿಸಬಲ್ಲರು. ಶನಿವಾರ ರಾತ್ರಿ ಹನ್ನೊಂದಕ್ಕೆ, ಕಾರಿನ ತುಂಬ ಗೆಳೆಯರು ಕೂಗಾಡ್ತಾ ಇರೋವಾಗ, ಏನು ಮಾಡಬೇಕು ಅನ್ನೋದು ಆ ಪಾಠದೊಳಗೆ ಹಿಡಿಸಲಿಲ್ಲ.

ಸಂಬಂಧದ ಪಾಠ

ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲೆಗಳು ಸಂಬಂಧಗಳನ್ನೂ ಪಾಠ ಮಾಡಿದವು. ಕೊರೊನೆಟ್ ಕಂಪನಿ 1949ರಲ್ಲಿ ತೆಗೆದ ಒಂದು ಚಿಕ್ಕ ಚಿತ್ರದಲ್ಲಿ ಹುಡುಗ ಹುಡುಗಿಯನ್ನು ಹೇಗೆ ಹೊರಗೆ ಕರೆಯಬೇಕು, ಮನೆಗೆ ಬಿಟ್ಟಾಗ ಹೇಗೆ ವಿದಾಯ ಹೇಳಬೇಕು ಅಂತೆಲ್ಲ ತೋರಿಸಿದ್ದಾರೆ. ಈಗ ನೋಡಿದರೆ ನಗು ಬರುತ್ತೆ. ಬೇಡ ಅಂದರೂ ಕೇಳದವನ ವಿಷಯ ಅಲ್ಲಿ ಬರೋದಿಲ್ಲ.

ನಗುವ ಕಾಲ ಮುಗಿದದ್ದು ಏಡ್ಸ್ ಬಂದಾಗ. 1986ರಲ್ಲಿ ದೇಶದ ಸರ್ಜನ್ ಜನರಲ್ ಆಗಿದ್ದ ಸಿ. ಎವರೆಟ್ ಕೂಪ್ ಒಂದು ವರದಿ ಕೊಟ್ಟರು. ಮಕ್ಕಳ ಶಸ್ತ್ರಚಿಕಿತ್ಸಕರು, ದೈವಭಕ್ತರು, ಅಧ್ಯಕ್ಷ ರೇಗನ್ ನೇಮಿಸಿದ್ದ ಸಂಪ್ರದಾಯವಾದಿ. ಅವರು ಹಿಂದೆಮುಂದೆ ನೋಡೋರು ಅಂದುಕೊಂಡವರಿಗೆ ಆಘಾತವಾಯಿತು. ಸಾಧ್ಯವಾದಷ್ಟು ಚಿಕ್ಕ ತರಗತಿಯಿಂದಲೇ ಮಕ್ಕಳಿಗೆ ಈ ವಿಷಯ ಹೇಳಿಕೊಡಿ, ಮನೆಯಲ್ಲೂ ಹೇಳಿ, ಶಾಲೆಯಲ್ಲೂ ಹೇಳಿ ಅಂತ ನೇರವಾಗಿ ಬರೆದರು. 1988ರಲ್ಲಿ ಏಡ್ಸ್ ಬಗ್ಗೆ ಒಂದು ಕಿರುಹೊತ್ತಿಗೆ ದೇಶದ 10 ಕೋಟಿಗೂ ಹೆಚ್ಚು ಮನೆಗಳಿಗೆ ಅಂಚೆಯಲ್ಲಿ ಹೋಯಿತು.

ಆದರೂ 1996ರಲ್ಲಿ ಸರ್ಕಾರ ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು, ಮದುವೆವರೆಗೂ ದೂರ ಇರಿ ಅನ್ನೋದೊಂದನ್ನೇ ಕಲಿಸಿ ಅಂತ ಶರತ್ತು ಹಾಕಿತು. 2007ರಲ್ಲಿ ಬಂದ ಮೌಲ್ಯಮಾಪನದಲ್ಲಿ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅದೇ 2007ರಲ್ಲಿ ರೋಡ್ ಐಲ್ಯಾಂಡ್ ರಾಜ್ಯ ಬೇರೆ ಥರದ ಕಾನೂನು ತಂದಿತು. ಲಿಂಡ್ಸೆ ಆನ್ ಬರ್ಕ್ ಎಂಬ 23 ವರ್ಷದ ಯುವತಿಯನ್ನು 2005ರಲ್ಲಿ ಆಕೆಯ ಹಳೆಯ ಗೆಳೆಯ ಕೊಂದಿದ್ದ. ಅವಳ ತಾಯಿ ಶಾಲೆಯಲ್ಲಿ ಹೆಲ್ತ್ ಕಲಿಸುವ ಟೀಚರ್. ಆ ತಾಯಿಯ ಹೋರಾಟದಿಂದ 7ರಿಂದ 12ನೇ ತರಗತಿವರೆಗೆ, ಪ್ರೀತಿಯ ಹೆಸರಲ್ಲಿ ನಡೆಯುವ ಹಿಂಸೆಯನ್ನು ಗುರುತಿಸೋದು ಹೇಗೆ ಅನ್ನೋ ಪಾಠ ಕಡ್ಡಾಯವಾಯಿತು. ಮನೆಗೆ ಬಂದ ಆ ಪತ್ರದಲ್ಲಿ "ಒಪ್ಪಿಗೆ" ಅನ್ನೋ ಪದ ನೋಡಿ ಮುಖ ಸಿಂಡರಿಸೋ ಮೊದಲು ಈ ತಾಯಿಯನ್ನು ನೆನಪು ಮಾಡಿಕೊಳ್ಳಬೇಕು ಅನ್ನಿಸುತ್ತೆ ನನಗೆ.

ವೇಲ್ಯಾಂಡಿನ ಒಪ್ಪಂದ

ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಒಂದು ಪುಟದ ಕಾಗದ. 1981ರಲ್ಲಿ ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್ ಎಂಬ ಊರಲ್ಲಿ ರಾಬರ್ಟ್ ಅನಾಸ್ಟಸ್ ಎಂಬ ಹಾಕಿ ಕೋಚ್ ತಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಬೇರೆ ಬೇರೆ ಅಪಘಾತಗಳಲ್ಲಿ ಕಳಕೊಂಡರು. ಅವರು ಮಕ್ಕಳನ್ನೇ ಸೇರಿಸಿ ಸ್ಯಾಡ್ ಎಂಬ ಸಂಘಟನೆ ಕಟ್ಟಿದರು. ಕುಡಿದು ಓಡಿಸುವುದರ ವಿರುದ್ಧ ವಿದ್ಯಾರ್ಥಿಗಳು ಅಂತ ಅದರ ಅರ್ಥ. ಜೊತೆಗೆ ಮನೆಯಲ್ಲಿ ಸಹಿ ಹಾಕೋಕೆ ಒಂದು ಒಪ್ಪಂದ ತಂದರು.

ಒಪ್ಪಂದ ಸರಳವಾಗಿತ್ತು. ನಾನು ಕುಡಿದಿದ್ದರೆ, ಅಥವಾ ನನ್ನನ್ನು ಕರ್ಕೊಂಡು ಹೋಗಬೇಕಾದವರು ಕುಡಿದಿದ್ದರೆ, ಎಷ್ಟೇ ಹೊತ್ತಾಗಿರಲಿ ಮನೆಗೆ ಫೋನ್ ಮಾಡ್ತೀನಿ ಅಂತ ಮಕ್ಕಳು ಬರೆದುಕೊಡಬೇಕು. ಎಲ್ಲಿದ್ದರೂ ಬಂದು ಕರ್ಕೊಂಡು ಹೋಗ್ತೀವಿ, ಆ ಹೊತ್ತಿನಲ್ಲಿ ಪ್ರಶ್ನೆ ಕೇಳಲ್ಲ, ಜಗಳ ಆಡಲ್ಲ ಅಂತ ತಂದೆತಾಯಿ ಬರೆದುಕೊಡಬೇಕು. ಮಾತುಕತೆ ಆಮೇಲೆ. ಕೊನೆಗೆ ಇನ್ನೊಂದು ಮಾತು: ನಾವೂ ಕುಡಿದಾಗ ಓಡಿಸಲ್ಲ, ಕುಡಿದವರ ಕಾರಿನಲ್ಲಿ ಕೂರಲ್ಲ.

ಇದು ಮಕ್ಕಳಿಗೆ ಕುಡಿಯೋಕೆ ಅನುಮತಿ ಕೊಟ್ಟ ಹಾಗೆ ಅಂತ ಬೈದವರಿದ್ದರು. ಆದರೂ ಅದು ಊರಿಂದೂರಿಗೆ ಹೋಯಿತು. ಆರೋಗ್ಯ, ಡ್ರೈವಿಂಗ್, ಸಂಬಂಧ, ಮೂರೂ ಅಲ್ಲಿ ಒಂದೇ ಹಾಳೆಯಲ್ಲಿ ಸೇರಿದ್ದವು.

ಲೈಸೆನ್ಸ್ ಕಾನೂನು ಕೂಡ ನಿಧಾನವಾಗಿ ಮನೆಯ ಕಡೆ ತಿರುಗಿತು. ಹಂತಹಂತವಾಗಿ ಲೈಸೆನ್ಸ್ ಕೊಡೋ ಪದ್ಧತಿಯನ್ನು 1987ರಲ್ಲಿ ನ್ಯೂಜಿಲೆಂಡ್ ತಂದಿತು. ಅಮೆರಿಕದಲ್ಲಿ ಮೊದಲು ತಂದದ್ದು ಫ್ಲೋರಿಡಾ, 1996ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬಂದ ಮೊದಲ 12 ತಿಂಗಳು ಮಕ್ಕಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸೋ ಹಾಗಿಲ್ಲ, ದೊಡ್ಡವರಿಲ್ಲದೆ 20 ತುಂಬದ ಗೆಳೆಯರನ್ನು ಕೂರಿಸಿಕೊಳ್ಳೋ ಹಾಗಿಲ್ಲ. ಇಂಥ ನಿಯಮಗಳು ಬಿಗಿಯಾಗಿದ್ದ ರಾಜ್ಯಗಳಲ್ಲಿ 16ರ ಚಾಲಕರ ಮಾರಣಾಂತಿಕ ಅಪಘಾತಗಳು ಶೇ. 20ರ ಆಸುಪಾಸು ಕಡಿಮೆ ಇದ್ದವು ಅಂತ 2006ರ ಒಂದು ರಾಷ್ಟ್ರೀಯ ಅಧ್ಯಯನ ತೋರಿಸಿತು. ರಕ್ತದ ಚಿತ್ರ ಮಾಡಲಾಗದ ಕೆಲಸ ಅದು. ಆದರೆ ರಾತ್ರಿ 11ಕ್ಕೆ ಎಲ್ಲರ ಮನೆ ಬಾಗಿಲಲ್ಲೂ ಪೊಲೀಸ್ ನಿಲ್ಲೋಕಾಗಲ್ಲ. ಬೀಗದ ಕೈ ಇರೋದು ಮನೆಯವರ ಹತ್ತಿರ.

ನಮ್ಮ ಮನೆಯ ಮಾತು

ನಾನು ಓದಿದ್ದು ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ. ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ಮುಂದಿನ ಪಾಠಕ್ಕೆ ಹೋದರು. ಮನೆಯಲ್ಲಿ ಅಮ್ಮ "ಶಾಲೇಲಿ ಹೇಳ್ಕೊಡ್ತಾರೆ" ಅಂದುಕೊಂಡಿದ್ದರು. 2007ರ ಸುಮಾರಿಗೆ ಕೇಂದ್ರ ಸರ್ಕಾರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಹಲವು ರಾಜ್ಯಗಳು ತಡೆ ಹಾಕಿದವು. ಕರ್ನಾಟಕವೂ ಅದರಲ್ಲಿತ್ತು. ಹೀಗೆ ಶಾಲೆಗೂ ಮನೆಗೂ ನಡುವೆ ಬಿದ್ದುಹೋದ ಪಾಠವನ್ನು ನಮ್ಮಲ್ಲಿ ಎಷ್ಟೋ ಜನ ವಿಮಾನ ಹತ್ತಿಸಿಕೊಂಡು ಇಲ್ಲಿಗೂ ತಂದಿದ್ದೀವಿ.

ಮಕ್ಕಳು ಈಗ ಈ ಪಾಠವನ್ನೆಲ್ಲ ಇಂಗ್ಲಿಷಿನಲ್ಲಿ ಕಲೀತಾರೆ. ಮನೆಯ ಕನ್ನಡ ಊಟ, ಹೋಮ್‌ವರ್ಕ್, ಅಜ್ಜಿಯ ಫೋನು, ಇಷ್ಟಕ್ಕೇ ನಿಂತುಬಿಡುತ್ತೆ. ಹೋದ ಭಾನುವಾರ ವೇಲ್ಯಾಂಡಿನ ಒಪ್ಪಂದವನ್ನು ಮಗಳಿಗೆ ಕನ್ನಡದಲ್ಲೇ ಹೇಳಿದೆ.

"ನಿಜವಾಗ್ಲೂ ಬೈಯಲ್ವಾ ಅಮ್ಮ?"

"ಆ ರಾತ್ರಿ ಬೈಯಲ್ಲ. ಬೆಳಿಗ್ಗೆ ಕೂತು ಮಾತಾಡೋಣ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅಪ್ಪನೂ ಸೈನ್ ಮಾಡ್ತಾರಾ? ಆ ಲಾಸ್ಟ್ ಲೈನಿಗೂ?"

ಅವಳ ಪ್ರಶ್ನೆ ಯಾಕೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ನಾಲ್ಕು ಮನೆಯವರು ಸೇರಿದ ರಾತ್ರಿ, ಎರಡು ಪೆಗ್ ಆದ ಮೇಲೆ, "ಏನಾಗಲ್ಲ ಬಾರೇ, ಹತ್ತೇ ನಿಮಿಷ" ಅಂತ ಸ್ಟೀರಿಂಗ್ ಹಿಡಿಯೋದನ್ನ ಹಿಂದಿನ ಸೀಟಿಂದ ನೋಡ್ತಾ ಬೆಳೆದ ಮಕ್ಕಳು ನಮ್ಮವರು. ಪಕ್ಕದಲ್ಲಿ ಕೂತು ಸುಮ್ಮನಿದ್ದವಳು ನಾನು. 50 ಗಂಟೆ ಅವಳು ನಮ್ಮ ಜೊತೆ ಕೂತು ಕಲೀತಾಳೆ ಅಂದುಕೊಂಡಿದ್ದೀವಿ. ಹದಿನೈದು ವರ್ಷ ಆಗಲೇ ಕಲಿತಾಗಿದೆ.

ಫ್ರಿಜ್ ಮೇಲಿನ ಹಾಳೆಯಲ್ಲಿ ಈಗ 31 ಗಂಟೆ ಆಗಿದೆ. ಪಕ್ಕದಲ್ಲಿ ಇನ್ನೊಂದು ಹಾಳೆ ಬಂದಿದೆ, ಕನ್ನಡದಲ್ಲಿ ಕೈಯಲ್ಲೇ ಬರೆದದ್ದು. ಅದರಲ್ಲಿ ಮೂರು ಸಹಿ ಇವೆ. ಅವರಪ್ಪ ಸಹಿ ಹಾಕೋಕೆ ಎರಡು ದಿನ ತಗೊಂಡರು.