ಹೈದರಾಬಾದಿಗೂ ಸೊಲ್ಲಾಪುರಕ್ಕೂ ನಡುವಿನ ಹೊಗೆ

ಪುಣೆಯಿಂದ ಸೊಲ್ಲಾಪುರದ ಮೇಲೆ ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿ, ಹಿಂದಿನ ಎನ್‌ಎಚ್ 9, ಈಗಿನ ಎನ್‌ಎಚ್ 65, ಬೀದರ ಜಿಲ್ಲೆಯಲ್ಲಿ ಸಸ್ತಾಪುರ ಬಂಗ್ಲಾ, ಹುಮನಾಬಾದ್ ದಾಟಿ ಸಾಗುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ 13 ನಗರಗಳಿಗೆ ಬಿಎಸ್–4 (ಭಾರತ್ ಸ್ಟೇಜ್) ಎಂಬ ವಾಹನ ಹೊಗೆಯ ಮಾನದಂಡ ತಂದಾಗ ಈ ದಾರಿಯ ಪುಣೆ, ಸೊಲ್ಲಾಪುರ, ಹೈದರಾಬಾದ್ ಮೂರೂ ಪಟ್ಟಿಯಲ್ಲಿದ್ದವು. ನಡುವಿನ ಬೀದರ ಇರಲಿಲ್ಲ. ಆ ನಗರಗಳ ಬಂಕಿನ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 50 ಮೀರುವಂತಿರಲಿಲ್ಲ. ಪಟ್ಟಿಯ ಹೊರಗಿದ್ದವರಿಗೆ 350ರವರೆಗೂ ನಡೆಯುತ್ತಿತ್ತು. ಬಸವಣ್ಣನ ಕಲ್ಯಾಣದ ನೆಲದಲ್ಲಿ ಇಂಧನದ ಪಂಕ್ತಿಭೇದ! ಬಿಎಸ್–6 ಪಿಕಪ್ ಗಾಡಿಯ ಸೈಲೆನ್ಸರ್‌ಗೆ ಕಂಪನಿಯೇ ಜೋಡಿಸಿ ಕೊಡುವ ಹೊಗೆ ಶುದ್ಧೀಕರಣದ ಸಾಮಾನನ್ನು ಇಟ್ಟುಕೊಳ್ಳಬೇಕೋ ಕಿತ್ತು ಹಾಕಬೇಕೋ ಎಂಬ ಚರ್ಚೆಯನ್ನು ಬೀದರದಲ್ಲಿ ಈ ಇತಿಹಾಸ ಬಿಟ್ಟು ಮಾಡಲಾಗದು. ಆ ಸಾಮಾನು ದೆಹಲಿಯವರ ಶೋಕಿ ನಮ್ಮ ತಲೆಗೆ ಬಂದದ್ದಲ್ಲ. ನಮಗೆ ತಡವಾಗಿ ಸಿಕ್ಕ ಪಾಲು.

ಸಣ್ಣ ಡೀಸೆಲ್ ಗಾಡಿಗೂ ಈ ಸೀಮೆಗೂ ಹಳೆಯ ನಂಟು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಬೀದರ ಜಿಲ್ಲೆಯದೇ ತಾಲ್ಲೂಕು. ನಿರ್ಣಾ ಭಾಗವೊಂದನ್ನು ಉಳಿಸಿ ಅದನ್ನು ಆಂಧ್ರಕ್ಕೆ ಕೊಟ್ಟರು. 1980ರ ದಶಕದ ಮಧ್ಯದಲ್ಲಿ ಜಪಾನಿ ಕಂಪನಿಗಳ ಸಹಯೋಗದಲ್ಲಿ ಹಗುರ ಟ್ರಕ್ ತಯಾರಿಸುವ ಅಲೆಯೆದ್ದಾಗ ಆಲ್ವಿನ್–ನಿಸಾನ್ ಕಾರ್ಖಾನೆ ನೆಲೆಯೂರಿದ್ದು ಅದೇ ಜಹೀರಾಬಾದಿನಲ್ಲಿ. ಆ ದಶಕದ ಕೊನೆಗೆ ಅದು ಮಹೀಂದ್ರದ ಕೈಸೇರಿತು. 1986ರಲ್ಲಿ ಟಾಟಾ 407 ಬಂತು. 2005ರ ಮೇ ತಿಂಗಳಲ್ಲಿ ಟಾಟಾ ಏಸ್, ಜನರ ಬಾಯಲ್ಲಿ ಚೋಟಾ ಹಾಥಿ. ಎತ್ತಿನ ಗಾಡಿಗೂ ಲಾರಿಗೂ ನಡುವಿದ್ದ ದೊಡ್ಡ ಖಾಲಿ ಜಾಗವನ್ನು ತುಂಬಿದ್ದು ಇವೇ. ಔರಾದದ ಹೊಲದ ತೊಗರಿ, ಉದ್ದು, ಸೋಯಾ ಹತ್ತಾರು ಚೀಲದ ಲೆಕ್ಕದಲ್ಲಿ ಬೀದರದ ಗಾಂಧಿ ಗಂಜಿಗೋ ಭಾಲ್ಕಿಯ ಮಂಡಿಗೋ ಬರತೊಡಗಿದ್ದರಲ್ಲಿ ಪಿಕಪ್‌ನ ಪಾತ್ರ ದೊಡ್ಡದು. ಆದರೆ ಏಸ್ ಬಂದ ವರ್ಷವೇ ದೇಶದ 11 ನಗರಗಳು ಬಿಎಸ್–3ಕ್ಕೆ ಏರಿದವು, ಉಳಿದ ಊರುಗಳು ಬಿಎಸ್–2ರಲ್ಲೇ ನಿಂತವು. ಸರಕು ಸಾಗಿಸುವ ಸವಲತ್ತು ಬೀದರಕ್ಕೆ ಬೇಗ ಬಂತು, ಹೊಗೆಯ ಅಂಕುಶ ನಿಧಾನವಾಗಿ.

ಹೊಗೆ ತಡೆಯುವ ಸಾಮಾನಿನ ಮೇಲೆ ಗ್ಯಾರೇಜಿನ ಮಿಸ್ತ್ರಿಗಳಿಗೆ ಇರುವ ಅಪನಂಬಿಕೆಯ ಬೇರು ಇಲ್ಲಿದೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. 1990ರ ದಶಕದ ಮಧ್ಯದವರೆಗೆ ನಮ್ಮ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10,000 ಭಾಗದವರೆಗೂ ಇರಬಹುದಿತ್ತು. 2000ದ ಹೊತ್ತಿಗೆ 2,500, ಬಿಎಸ್–2ರಲ್ಲಿ 500. ಗಂಧಕ ವೇಗವರ್ಧಕದ ಲೇಪನವನ್ನು ಕೆಡಿಸುತ್ತದೆ, ಮಸಿಯನ್ನೂ ಹೆಚ್ಚಿಸುತ್ತದೆ. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ಕವಾಟ ಅಂಥ ಮಸಿಯಲ್ಲಿ ಕಟ್ಟಿಕೊಂಡು ಎಳೆತ ಬಿದ್ದುಹೋದಾಗ, ಅದನ್ನು ಬಂದ್ ಮಾಡಿ ಗಾಡಿ ಓಡಿಸಿದ ಮಿಸ್ತ್ರಿ ತನ್ನ ಅನುಭವಕ್ಕೆ ನಿಷ್ಠನಾಗಿಯೇ ಇದ್ದ. ತಪ್ಪು ಅವನದಲ್ಲ, ಮೊದಲು ಡೀಸೆಲ್ ಶುದ್ಧವಾಗಬೇಕಿತ್ತು. ಅದು ಆದದ್ದು ಬಿಎಸ್–4 ಇಡೀ ದೇಶಕ್ಕೆ ಬಂದ 2017ರ ನಂತರ, ಪೂರ್ಣವಾಗಿ 2020ರ ಏಪ್ರಿಲ್ 1ರಿಂದ. ಅಂದಿನಿಂದ ಗಂಧಕದ ಮಿತಿ ಎಲ್ಲ ಕಡೆಗೂ 10. ಹೈದರಾಬಾದಿನ ಬಂಕಿಗೂ ಔರಾದದ ಬಂಕಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಹಳೆಯ ಡೀಸೆಲ್ ಕಲಿಸಿದ ಪಾಠ ಹೊಸ ಡೀಸೆಲ್‌ಗೆ ಹೊಂದುವುದಿಲ್ಲ.

ಈ ಬದಲಾವಣೆಯ ಗಾತ್ರ ಅಂಕಿಗಳಲ್ಲಿ ಕಾಣುತ್ತದೆ. ಪಿಕಪ್‌ನಂಥ ಭಾರದ ಹಗುರ ಸರಕು ಗಾಡಿ ಬಿಎಸ್–4ರಲ್ಲಿ ಕಿಲೋಮೀಟರಿಗೆ 60 ಮಿಲಿಗ್ರಾಂ ಮಸಿ ಉಗುಳಬಹುದಿತ್ತು, ಬಿಎಸ್–6ರಲ್ಲಿ 4.5. ಸಾರಜನಕದ ಆಕ್ಸೈಡುಗಳು 390ರಿಂದ 125ಕ್ಕೆ ಇಳಿದವು. ಮಸಿಯ ಇಳಿಕೆಗೆ ಮುಖ್ಯ ಕಾರಣ ಡಿಪಿಎಫ್ ಎಂಬ ಸೋಸುಕ. ಸಣ್ಣ ಸಣ್ಣ ನಾಳಗಳ ಈ ಸೆರಾಮಿಕ್ ಗಟ್ಟಿಯಲ್ಲಿ ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ತೂರಿಹೋಗಬೇಕು, ಮಸಿ ಒಳಗೇ ಉಳಿಯುತ್ತದೆ. ಉಳಿದ ಮಸಿಯನ್ನು ಎಂಜಿನ್ನೇ ಆಗಾಗ 600 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟುಹಾಕುತ್ತದೆ. ಕೆಲವು ಗಾಡಿಗಳಲ್ಲಿ ಇದರ ಜೊತೆಗೆ ಚಾಲಕರು ಯೂರಿಯಾ ಎಂದೇ ಕರೆಯುವ ದ್ರಾವಣದ ಟ್ಯಾಂಕೂ ಇರುತ್ತದೆ.

ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಎವರೇಜ್ ಕುಸಿಯುತ್ತದೆ, ಹೊಸದು ಹಾಕಿಸಲು ಕೈ ಸುಡುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬೇಕು, ಸೋಸುಕ ಹೊಗೆಗೆ ತಡೆ ಒಡ್ಡುವುದೂ ನಿಜ. ಕಿತ್ತವರಿಗೆ ಸ್ವಲ್ಪ ಉಳಿತಾಯ ಆಗಲೂಬಹುದು. ಆದರೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಗಾಡಿ ಬಿಸಿಯಾಗುವ ಮುನ್ನವೇ ನಿಲ್ಲಿಸುವುದರಿಂದ, ಸುಡುತ್ತಿರುವಾಗಲೇ ಚಾವಿ ತಿರುಗಿಸುವುದರಿಂದ, ತಪ್ಪು ಎಂಜಿನ್ ಎಣ್ಣೆಯಿಂದ. ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸಿನ ಒಂದೇ ಸಮನೆ ಓಟವಿದೆ. ಮಸಿ ಸುಟ್ಟುಕೊಳ್ಳಲು ಅಷ್ಟು ಸಾಕು. ದಿನವಿಡೀ ಊರೊಳಗೆ ಅಂಗಡಿಯಿಂದ ಅಂಗಡಿಗೆ ಸುತ್ತುವವರಿಗೆ ಡೀಸೆಲ್ ಗಾಡಿಯೇ ತಪ್ಪು ಆಯ್ಕೆ, ಸಿಎನ್‌ಜಿಯೋ ವಿದ್ಯುತ್ತಿನದೋ ಮೇಲು. ಇನ್ನೊಂದು ಮಾತು: ಸೋಸುಕ ಕಿತ್ತರೆ ಅಷ್ಟಕ್ಕೇ ಮುಗಿಯದು. ಅದರ ಹಿಂದೆ ಮುಂದೆ ಒತ್ತಡ ಅಳೆಯುವ ಸಂವೇದಕಗಳಿವೆ, ಎಂಜಿನ್ನಿನ ಕಂಪ್ಯೂಟರ್‌ಗೂ ಸುಳ್ಳು ಹೇಳಿಕೊಡಬೇಕು. 2015ರಲ್ಲಿ ಕಾರು ಕಂಪನಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಎಂಜಿನ್ ಕಂಪ್ಯೂಟರ್‌ನ ಮೂಲಕ ಹೊಗೆ ಪರೀಕ್ಷೆಗೆ ಹೇಳಿದ ಸುಳ್ಳಿಗೇ.

ಸಕ್ಕರೆ ಕಾರ್ಖಾನೆಗಳ ಚಿಮಣಿ, ಕೋಳಾರ ಕೈಗಾರಿಕಾ ಪ್ರದೇಶದ ದುರ್ನಾತ ಇರುವಾಗ ಒಂದು ಪಿಕಪ್‌ನ ಹೊಗೆ ಯಾವ ಲೆಕ್ಕ ಎಂದೂ ಕೇಳುವವರಿದ್ದಾರೆ. ಲೆಕ್ಕ ಅಮೆರಿಕದಲ್ಲಿ ಆಗಿದೆ. ಅಲ್ಲಿನ ಪರಿಸರ ಸಂಸ್ಥೆ 2020ರಲ್ಲಿ ಅಂದಾಜಿಸಿದಂತೆ, ಒಂದು ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ಸಾಮಾನು ತೆಗೆಯಲಾಗಿತ್ತು. ಅವುಗಳ ಹೆಚ್ಚುವರಿ ಹೊಗೆ 90 ಲಕ್ಷ ಸರಿಯಾದ ಪಿಕಪ್‌ಗಳನ್ನು ರಸ್ತೆಗಿಳಿಸಿದ್ದಕ್ಕೆ ಸಮ. ಅಂದರೆ ಕಿತ್ತ ಒಂದು ಗಾಡಿ ಸರಿಯಾದ ಹದಿನಾರು ಗಾಡಿಗಳಷ್ಟು ಹೆಚ್ಚುವರಿ ಹೊಗೆ ಉಗುಳುತ್ತದೆ. ಜೊತೆಗೆ ಚಿಮಣಿಯ ಹೊಗೆ ಎತ್ತರದಲ್ಲಿ ಬಿಡುಗಡೆಯಾಗುತ್ತದೆ. ಪಿಕಪ್‌ನದು ಗಂಜಿನಲ್ಲಿ ಚೀಲ ಇಳಿಸುವ ಹಮಾಲರ, ಗಾಡಿಯ ಹಿಂದೆ ನಿಂತು ಕಾಳು ಆರಿಸುವ ಹೆಂಗಸರ ಮೂಗಿನ ಹತ್ತಿರ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ವರ್ಗೀಕರಿಸಿತು.

ಕಾನೂನಿನಲ್ಲಿ ಕೊರತೆಯಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ಹೇಳುತ್ತದೆ. ಕೊರತೆ ಇರುವುದು ತಪಾಸಣೆಯಲ್ಲಿ. ಎಮಿಷನ್ ಸರ್ಟಿಫಿಕೇಟ್ ಕೊಡುವ ಕೇಂದ್ರದ ಯಂತ್ರ ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂದಷ್ಟೇ ನೋಡುತ್ತದೆ. ಕಣ್ಣಿಗೆ ಬೀಳದ ಅತಿ ಸಣ್ಣ ಕಣಗಳನ್ನು ಎಣಿಸುವುದಿಲ್ಲ. ಹಾಗಾಗಿ ಸೋಸುಕ ಕಿತ್ತ ಗಾಡಿಯೂ ಪಾಸಾಗಬಲ್ಲದು. ಬೆಲ್ಜಿಯಂ 2022ರಲ್ಲಿ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣ ಎಣಿಸುವ ಯಂತ್ರಗಳನ್ನು ತಪಾಸಣೆಗೆ ತಂದವು. ಇಲ್ಲಿ ಅದು ಬರುವವರೆಗೆ ತಪಾಸಣೆ ಕೊಳ್ಳುವವನ ಕೆಲಸ. 2020ರ ಮೊದಲ ಬಿಎಸ್–6 ಪಿಕಪ್‌ಗಳು ಈಗ ಎರಡನೇ, ಮೂರನೇ ಮಾಲೀಕರ ಕೈಗೆ ಬರುವ ವಯಸ್ಸಿನವು. ಟೈರು, ಚಾಸಿ, ಇನ್ಶೂರೆನ್ಸ್ ನೋಡಿ ಬೆಲೆ ಕಟ್ಟುವವರು ಗಾಡಿಯ ಕೆಳಗೆ ಬಗ್ಗಿ ಸೋಸುಕದ ಡಬ್ಬಿಯಲ್ಲಿ ಹೊಸ ವೆಲ್ಡಿಂಗ್ ಗುರುತು ಇದೆಯೇ ಎಂದೂ ನೋಡಬೇಕು. ಇದ್ದರೆ ಹೊಸ ಡಿಪಿಎಫ್‌ನ ಬೆಲೆ ಕಳೆದೇ ಮಾತಾಡಬೇಕು.