ನಲವತ್ತು ಅಂಕ, ಒಂದು ರಾತ್ರಿ

2025ರವರೆಗೂ ನಮ್ಮ ದೇಶದ ಫುಟ್‌ಬಾಲ್ ಲೀಗ್ ಗೆದ್ದವರು ಯಾರು ಎಂದು ಕೇಳಿದರೆ ಎರಡು ಹೆಸರು ಹೇಳಬೇಕಾಗಬಹುದಿತ್ತು. ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್, ಆಮೇಲಿನ ಪ್ಲೇಆಫ್ ಗೆದ್ದವರಿಗೆ ಕಪ್. ಈ ಏರ್ಪಾಡು ಒಂದೇ ಸಲಕ್ಕೆ ಬಂದದ್ದಲ್ಲ. ಅದು ಹಂತಹಂತವಾಗಿ ರೂಪುಗೊಂಡಾಗ ಬೆಂಗಳೂರು ಕಳೆದುಕೊಂಡದ್ದು ಕಡಿಮೆಯಲ್ಲ. ನಮ್ಮೂರ ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತು ನೋಡಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲಿದ್ದ ಅಗ್ರ ಲೀಗ್ ಐ-ಲೀಗ್ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಎಲ್ಲರೊಂದಿಗೂ ಆಡಬೇಕು. ಕೊನೆಗೆ ಯಾರ ಅಂಕ ಹೆಚ್ಚೋ ಅವರೇ ಚಾಂಪಿಯನ್. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಹೀಗೆ ಗೆದ್ದಿತು. ಮರುವರ್ಷದ ಕೊನೆಯ ಪಂದ್ಯ 2015ರ ಮೇ 31ರಂದು, ಕಂಠೀರವದಲ್ಲೇ, ಮೋಹನ್ ಬಾಗನ್ ವಿರುದ್ಧ. ಗೆದ್ದರೆ ಪ್ರಶಸ್ತಿ ನಮಗೆ, ಡ್ರಾ ಆದರೆ ಅವರಿಗೆ. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬಾಗನ್ನಿನ ಬೆಲ್ಲೊ ರಜಾಕ್ ತಲೆ ಕೊಟ್ಟರು, ಆಟ 1-1ಕ್ಕೆ ನಿಂತಿತು. ಹೊಟ್ಟೆ ಉರಿಯಿತು ನಿಜ, ಆದರೆ ತಕರಾರಿರಲಿಲ್ಲ. ಇಡೀ ಋತುವಿನ ಅಂಕಗಳನ್ನು ಕೂಡಿಸಿದಾಗಲೂ ಬಾಗನ್ನೇ ಮೇಲಿತ್ತು.

2014ರಲ್ಲಿ ಎಂಟು ತಂಡಗಳೊಂದಿಗೆ ಶುರುವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬೇರೆ ದಾರಿ ಹಿಡಿಯಿತು. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್: ಒಂದನೆಯದಕ್ಕೆ ನಾಲ್ಕನೆಯದು, ಎರಡನೆಯದಕ್ಕೆ ಮೂರನೆಯದು ಎದುರಾಳಿ. ಇಬ್ಬರ ಊರಿನಲ್ಲೂ ಒಂದೊಂದು ಪಂದ್ಯ, ಎರಡರ ಗೋಲುಗಳನ್ನು ಕೂಡಿಸಿ ತೀರ್ಮಾನ. ಆಮೇಲೆ ಒಂದೇ ಪಂದ್ಯದ ಫೈನಲ್. ಆ ವರ್ಷ ಅಂಕಪಟ್ಟಿಯಲ್ಲಿ ಮೊದಲು ಬಂದ ಚೆನ್ನೈಯಿನ್, ನಾಲ್ಕನೆಯ ಕೇರಳ ಬ್ಲಾಸ್ಟರ್ಸ್‌ಗೆ ಸೆಮಿಫೈನಲ್‌ನಲ್ಲೇ ಸೋತಿತು. ಕಪ್ ಮೂರನೆಯ ಸ್ಥಾನದ ಕೋಲ್ಕತ್ತಕ್ಕೆ ಹೋಯಿತು. ಮೊದಲ ಸ್ಥಾನಕ್ಕೆ ಪ್ರತ್ಯೇಕ ಪ್ರಶಸ್ತಿಯೇ ಇರಲಿಲ್ಲ.

ಅದರ ನೋವು ನಮಗೆ ಮುಟ್ಟಿದ್ದು 2018ರಲ್ಲಿ. ಐಎಸ್‌ಎಲ್‌ಗೆ ಆಗಷ್ಟೇ ಸೇರಿದ್ದ ಬೆಂಗಳೂರು 18 ಪಂದ್ಯಗಳಲ್ಲಿ 40 ಅಂಕ ಗಳಿಸಿತ್ತು. ಎರಡನೆಯ ಚೆನ್ನೈಯಿನ್‌ಗೆ 32. ಹಳೆಯ ಲೆಕ್ಕದಲ್ಲಾದರೆ ನಾವು ಆಗಲೇ ಚಾಂಪಿಯನ್. ಆದರೆ ಮಾರ್ಚ್ 17ರಂದು ಅದೇ ಚೆನ್ನೈಯಿನ್ ಜೊತೆ ಕಂಠೀರವದಲ್ಲಿ ಫೈನಲ್ ಆಡಬೇಕಿತ್ತು. ಒಂಬತ್ತನೇ ನಿಮಿಷದಲ್ಲಿ ಬಲಬದಿಯಿಂದ ಉದಾಂತ ಸಿಂಗ್ ಕೊಟ್ಟ ಕ್ರಾಸ್‌ಗೆ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆಯಿಂದ ಗೋಲು ಹೊಡೆದರು. ಆ ಕೂಗಿನಲ್ಲಿ ಪಕ್ಕದವರ ಮಾತೂ ಕೇಳಿಸಲಿಲ್ಲ. ವಿರಾಮಕ್ಕೆ ಮುನ್ನ ಎರಡು ಕಾರ್ನರ್, ಚೆನ್ನೈಯಿನ್ ತಂಡದ ಮೇಲ್ಸನ್ ಆಲ್ವೆಸ್ ಅವರ ಎರಡು ಹೆಡರ್. ಕೊನೆಗೆ ನಾವು 2-3ರಿಂದ ಸೋತೆವು. ತಿಂಗಳುಗಟ್ಟಲೆ ಸಂಪಾದಿಸಿದ ಎಂಟು ಅಂಕಗಳ ಮುನ್ನಡೆಗೆ ಆ ರಾತ್ರಿ ಬೆಲೆಯೇ ಇರಲಿಲ್ಲ.

ಮುಂದಿನ ವರ್ಷವೂ ನಾವೇ ಮೊದಲು. ಈ ಸಲ ಮುಂಬೈಯಲ್ಲಿ ನಡೆದ ಫೈನಲ್‌ನ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ಹೆಡರ್ ಗೋವಾವನ್ನು ಮಣಿಸಿತು. ಅಂಕಪಟ್ಟಿಯಲ್ಲೂ ಮೊದಲಾಗಿ ಕಪ್ಪನ್ನೂ ಗೆದ್ದ ಮೊದಲ ತಂಡ ನಮ್ಮದು. ಲೀಗ್ ಅಗ್ರಸ್ಥಾನಕ್ಕೆ ಶೀಲ್ಡ್ ಕೊಡುವ ಪದ್ಧತಿ ಬಂದದ್ದು ಅದರ ಮರುವರ್ಷ, 2019-20ರಲ್ಲಿ. ಮೊದಲ ಶೀಲ್ಡ್ ಗೋವಾಕ್ಕೆ ಸಿಕ್ಕಿತು, ಜೊತೆಗೆ ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಪ್ರವೇಶವೂ.

2022-23ರಲ್ಲಿ ಪ್ಲೇಆಫ್ ಬಾಗಿಲು ಆರು ತಂಡಗಳಿಗೆ ತೆರೆಯಿತು. ಮೊದಲ ಎರಡಕ್ಕೆ ನೇರ ಸೆಮಿಫೈನಲ್. ಮೂರರಿಂದ ಆರರವರೆಗಿನವರು ಒಂದೇ ಪಂದ್ಯದ ನಾಕೌಟ್ ಆಡಬೇಕಿತ್ತು, ಮೇಲಿನ ಸ್ಥಾನದವರಿಗೆ ತವರಿನ ಲಾಭ. ನಾಲ್ಕನೆಯವರಾಗಿದ್ದ ನಮಗೆ ಐದನೆಯ ಕೇರಳ ಎದುರಾಯಿತು. ಗೋಲಿಲ್ಲದೆ 90 ನಿಮಿಷ ಮುಗಿದು, ಹೆಚ್ಚುವರಿ ಅವಧಿಯಲ್ಲಿ ಬಾಕ್ಸ್‌ನ ಹೊರಗೆ ಫ್ರೀ ಕಿಕ್ ಸಿಕ್ಕಿತು. ಗೋಲ್‌ಕೀಪರ್ ತಡೆಗೋಡೆ ನಿಲ್ಲಿಸುತ್ತಿರುವಾಗಲೇ ಛೆಟ್ರಿ ಖಾಲಿ ಗೋಲಿಗೆ ಚೆಂಡು ಕಳಿಸಿದರು. ಕೇರಳದವರು ಒಪ್ಪದೆ ಮೈದಾನ ಬಿಟ್ಟು ನಡೆದರು, ಗೆಲುವು ನಮ್ಮದಾಯಿತು. ಆಮೇಲೆ ಅವರ ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಸೆಮಿಫೈನಲ್‌ನಲ್ಲಿ ನಾವು ಶೀಲ್ಡ್ ಗೆದ್ದಿದ್ದ ಮುಂಬೈಯನ್ನೇ ಪೆನಾಲ್ಟಿಯಲ್ಲಿ 9-8ರಿಂದ ಹೊರದಬ್ಬಿದೆವು. 2018ರಲ್ಲಿ ನಮಗಾದದ್ದೇ ಅವರಿಗೂ ಆಯಿತು. ಆದರೆ ಅವರ ಕೈಯಲ್ಲಿ ಶೀಲ್ಡಾದರೂ ಇತ್ತು.

ಪ್ಲೇಆಫ್ ಬೇಡವೆಂದು ನಾನು ಹೇಳಲಾರೆ. 2025ರ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾ ಒಟ್ಟು ಲೆಕ್ಕವನ್ನು 2-2ಕ್ಕೆ ತಂದು ನಿಲ್ಲಿಸಿದಾಗ, 40 ವರ್ಷದ ಛೆಟ್ರಿ ಕೊನೆಯ ಕ್ಷಣಗಳಲ್ಲಿ ಹೊಡೆದ ಹೆಡರ್ ಈ ಪದ್ಧತಿಯದೇ ಕೊಡುಗೆ. ಮಳೆ, ಗಾಯ, ಪ್ರಯಾಣ ಎಲ್ಲವನ್ನೂ ದಾಟಿ ಮೊದಲು ಬಂದ ತಂಡದ ದುಡಿಮೆಗೂ ಅಷ್ಟೇ ಮರ್ಯಾದೆ ಸಿಗಬೇಕೆಂಬುದು ನನ್ನ ಬೇಡಿಕೆ. ಶೀಲ್ಡ್ ಹುಟ್ಟುವ ಮೊದಲೇ ಅಗ್ರಸ್ಥಾನ ಪಡೆದವರು ನಾಲ್ವರು: 2014ರ ಚೆನ್ನೈಯಿನ್, 2015ರ ಗೋವಾ, 2016ರ ಮುಂಬೈ, ನಂತರದ ಎರಡು ಋತುಗಳ ಬೆಂಗಳೂರು. ಲೀಗ್ ನಡೆಸುವವರು ಈ ಹೆಸರುಗಳನ್ನೂ ಶೀಲ್ಡ್ ವಿಜೇತರ ಪಟ್ಟಿಯಲ್ಲಿ ಸೇರಿಸಲಿ. ಆ 40 ಅಂಕಗಳನ್ನು ಆಟಗಾರರು ಮೈದಾನದಲ್ಲೇ ಗಳಿಸಿದ್ದಾರೆ; ಅವು ಯಾರ ದಯೆಯಿಂದಲೂ ಬಂದವಲ್ಲ.