ಥ್ಯಾಂಕ್ಸ್‌ಗಿವಿಂಗ್: ನಾನು ಅರ್ಧ ಹೇಳಿದ ಪಾಠ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬಂತೆಂದರೆ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದಿಷ್ಟು ಸಂದೇಶಗಳು ಬರುತ್ತವೆ. "ಮೇಷ್ಟ್ರೇ, ನಿಮಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶುಭಾಶಯಗಳು" ಎಂದು ಬರೆಯುವ ಈ ಮಕ್ಕಳಲ್ಲಿ (ಐವತ್ತು ದಾಟಿದ್ದರೂ ನನಗೆ ಮಕ್ಕಳೇ!) ಹಲವರು ಮೇಫ್ಲವರ್ ಎಂಬ ಹಡಗಿನ ಹೆಸರನ್ನು ಮೊದಲು ಕೇಳಿದ್ದು ನನ್ನ ಸಮಾಜ ಪಾಠದ ತರಗತಿಯಲ್ಲಿ. "1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪಿಲ್‌ಗ್ರಿಮ್ ಫಾದರ್ಸ್ ಅಮೆರಿಕಕ್ಕೆ ಹೋಗಿ ನೆಲೆಸಿದರು" ಎಂದು ಕರಿಹಲಗೆಯ ಮೇಲೆ ಬರೆದು, ಒಂದು ಅಂಕದ ಪ್ರಶ್ನೆಗೆ ಉತ್ತರವೆಂದು ಉರು ಹೊಡೆಸಿ ಮುಂದಿನ ಪಾಠಕ್ಕೆ ಹೋದವನು ನಾನು. ಆ ಪಾಠವನ್ನು ಅರ್ಧ ಮಾತ್ರ ಹೇಳಿದ್ದೆನೆಂಬ ಅರಿವು ಬಹಳ ತಡವಾಗಿ ಬಂತು. ಉಳಿದರ್ಧವನ್ನು ಹೇಳಿಬಿಡುವುದಕ್ಕಾಗಿಯೇ ಈ ಬರಹ.

ಕೆಲವು ವರ್ಷಗಳ ಹಿಂದೆ ನನ್ನಾಕೆ ತೀರಿಕೊಂಡಳು. ಒಂಟಿಯಾಗಿರಬೇಡಿರೆಂದು ಮಗಳು ಹಟ ಹಿಡಿದು ಅದೇ ವರ್ಷ ನನ್ನನ್ನು ಬಾಸ್ಟನ್ ಬಳಿಯ ತನ್ನ ಮನೆಗೆ ಕರೆಸಿಕೊಂಡಳು. ಥ್ಯಾಂಕ್ಸ್‌ಗಿವಿಂಗ್ ದಿನ ಅವಳ ಸ್ನೇಹಿತರ ಎರಡು ಮೂರು ಸಂಸಾರಗಳು ಊಟಕ್ಕೆ ಬಂದಿದ್ದವು. ಬಿಸಿಬೇಳೆ ಭಾತ್, ಕೋಸಂಬರಿಗಳ ಪಕ್ಕದಲ್ಲಿ ಆ ದೇಶದ ಪದ್ಧತಿಯಂತೆ ಸಿಹಿಗುಂಬಳದ ಪೈ ಕೂಡ ಇತ್ತು. ಊಟಕ್ಕೆ ಮೊದಲು ಒಬ್ಬೊಬ್ಬರೂ ತಮ್ಮ ಬಾಳಿನಲ್ಲಿ ದೊರೆತ ಒಳಿತುಗಳನ್ನು ನೆನೆದು ಹೇಳಬೇಕೆಂಬುದು ಅಲ್ಲಿಯ ರೂಢಿ. ಅಪ್ಪ ಅಮ್ಮ, ಗೆಳೆಯರು, ಕೈಯಲ್ಲಿರುವ ಕೆಲಸ, ಆರೋಗ್ಯ ಎಂದು ಎಲ್ಲರೂ ಹೇಳುತ್ತ ಬಂದರು. ಕೊನೆಗೆ ಮೊಮ್ಮಗಳು, "ತಾತ, ಈಗ ನಿನ್ನ ಸರದಿ" ಎಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಕಳೆದುಕೊಂಡದ್ದರ ಲೆಕ್ಕ ಮಾತ್ರ ಗೊತ್ತಿದ್ದ ದಿನಗಳವು. "ಎಲ್ಲರೂ ಚೆನ್ನಾಗಿರಿ" ಎಂದಷ್ಟೇ ಹೇಳಿ ತಟ್ಟೆಯತ್ತ ಕೈ ಚಾಚಿದೆ. ಮಗು ಏನೂ ಅನ್ನಲಿಲ್ಲ. ಆದರೆ ಉತ್ತರ ಬರೆಯದೆ ಹಾಳೆ ಒಪ್ಪಿಸಿದ ವಿದ್ಯಾರ್ಥಿಯ ಹಾಗೆ ನನಗೆ ನಾಚಿಕೆಯಾಯಿತು.

ಮರುದಿನ ಅಳಿಯಂದಿರು ನಮ್ಮನ್ನೆಲ್ಲ ಪ್ಲಿಮತ್ ಎಂಬ ಊರಿಗೆ ಕರೆದೊಯ್ದರು. ಬಾಸ್ಟನ್ನಿನ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಕಡಲತಡಿಯ ಊರು ಅದು. ಪಿಲ್‌ಗ್ರಿಮರು ಕಾಲಿಟ್ಟರೆಂದು ಹೇಳುವ 'ಪ್ಲಿಮತ್ ಬಂಡೆ'ಯನ್ನು ಅಲ್ಲಿ ಕಂಬಗಳ ಮಂಟಪದೊಳಗೆ ಇಟ್ಟಿದ್ದಾರೆ. ಮೇಲೆ 1620 ಎಂದು ಕೆತ್ತಿದೆ. ಬಂಡೆ ಎಂಬ ಹೆಸರು ಕೇಳಿ ದೊಡ್ಡದೇನನ್ನೋ ನಿರೀಕ್ಷಿಸಿದವನಿಗೆ ಅದು ನಮ್ಮೂರ ಅಗಸರ ಕಲ್ಲಿನಂತೆ ಕಂಡಿತು. ಮೊದಲ ವಲಸೆಗಾರರು ತಾವೇ ಬರೆದಿಟ್ಟ ವೃತ್ತಾಂತಗಳಲ್ಲಿ ಆ ಬಂಡೆಯ ಪ್ರಸ್ತಾಪವೇ ಇಲ್ಲ.

ಆ ಜನರ ಕಥೆಯನ್ನು ಮೊದಲಿನಿಂದ ನೋಡೋಣ. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾಗಿ ತಮ್ಮ ನಂಬಿಕೆಯಂತೆ ಬದುಕಬೇಕೆಂದ ಕೆಲವರು, ಅವರೊಡನೆ ಜೀವನೋಪಾಯ ಅರಸಿ ಹೊರಟ ಇನ್ನು ಕೆಲವರು, ಒಟ್ಟು 102 ಮಂದಿ 1620ರ ಸೆಪ್ಟೆಂಬರಿನಲ್ಲಿ ಮೇಫ್ಲವರ್ ಹತ್ತಿ ಹೊರಟರು. ಎರಡು ತಿಂಗಳ ಪ್ರಯಾಣದ ಬಳಿಕ ನೆಲ ಕಾಣುವ ಹೊತ್ತಿಗೆ ಚಳಿಗಾಲ ಬಾಗಿಲಲ್ಲಿ ನಿಂತಿತ್ತು. ಬೆಚ್ಚಗಿನ ಮನೆಯಿಲ್ಲ, ಸರಿಯಾದ ಆಹಾರವಿಲ್ಲ, ಮೇಲೆ ರೋಗ. ವಸಂತ ಬರುವುದರೊಳಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದರು.

ಬದುಕುಳಿದವರಿಗೆ ಆ ನೆಲದಲ್ಲಿ ಬೇಸಾಯ ಮಾಡುವುದನ್ನು ಹೇಳಿಕೊಟ್ಟವನು ಟಿಸ್ಕ್ವಾಂಟಮ್ ಎಂಬ ಸ್ಥಳೀಯ. ಮುಸುಕಿನ ಜೋಳವನ್ನು ಹೇಗೆ ಬಿತ್ತಬೇಕು, ಸಾರವಿಲ್ಲದ ಮಣ್ಣಿಗೆ ಮೀನನ್ನು ಗೊಬ್ಬರವಾಗಿ ಹೇಗೆ ಹಾಕಬೇಕು ಎಂಬುದನ್ನೆಲ್ಲ ಅವರು ಕಲಿತದ್ದು ಅವನಿಂದ. ಅವನಿಗೆ ಇಂಗ್ಲಿಷ್ ಮಾತು ಬರುತ್ತಿತ್ತು. ಬಂದದ್ದು ಹೇಗೆ? 1614ರಲ್ಲಿ ಒಬ್ಬ ಇಂಗ್ಲಿಷ್ ನಾವಿಕ ಅವನನ್ನೂ ಇತರರನ್ನೂ ಅಪಹರಿಸಿ ಸ್ಪೇನಿನಲ್ಲಿ ಗುಲಾಮರಾಗಿ ಮಾರಲು ಒಯ್ದಿದ್ದ. ಹೇಗೋ ಪಾರಾಗಿ ಇಂಗ್ಲೆಂಡ್ ಸೇರಿ, 1619ರಲ್ಲಿ ಟಿಸ್ಕ್ವಾಂಟಮ್ ತನ್ನ ನಾಡಿಗೆ ಮರಳಿದಾಗ ಅವನ ಊರಾದ ಪಟುಕ್ಸೆಟ್‌ನಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಹೊರಗಿನವರ ಸಂಪರ್ಕದಿಂದ ಹರಡಿದ ಸಾಂಕ್ರಾಮಿಕವೊಂದು ಆ ಕರಾವಳಿಯ ಊರುಗಳನ್ನೇ ಅಳಿಸಿಹಾಕಿತ್ತು. ಪಿಲ್‌ಗ್ರಿಮರು 'ಪ್ಲಿಮತ್' ಎಂದು ನೆಲೆಯೂರಿದ್ದು ಪಟುಕ್ಸೆಟ್ ಇದ್ದ ಜಾಗದಲ್ಲೇ. ಅವರಿಗೆ ಸಿದ್ಧವಾಗಿ ಸಿಕ್ಕ ಬಯಲು ಸತ್ತವರು ಉತ್ತು ಹಸನು ಮಾಡಿದ್ದ ಹೊಲಗಳಾಗಿದ್ದವು. ತನ್ನ ಊರಿನ ಮಣ್ಣಿನ ಮೇಲೆ ನಿಂತು ಪರದೇಶಿಗಳಿಗೆ ಬಿತ್ತನೆ ಕಲಿಸಿದ ಆ ಮನುಷ್ಯ 1622ರಲ್ಲಿ ತೀರಿಕೊಂಡ.

1621ರ ಮಾರ್ಚಿನಲ್ಲಿ ವಾಂಪನೋಗ್ ಜನರ ನಾಯಕ ಮಸಸಾಯ್ಟ್ ವಲಸೆಗಾರರೊಡನೆ ಒಪ್ಪಂದ ಮಾಡಿಕೊಂಡ. ರೋಗದಿಂದ ಅವನ ಜನ ಬಡವಾಗಿದ್ದರು. ನೆರೆಯ ಬಲಿಷ್ಠ ಬುಡಕಟ್ಟಿನ ಭಯವೂ ಇತ್ತು. ಒಬ್ಬರಿಗೊಬ್ಬರು ನೆರವಾಗುವುದು ಇಬ್ಬರಿಗೂ ಬೇಕಾಗಿತ್ತು. ಆ ವರ್ಷದ ಸುಗ್ಗಿ ಕೈಗೂಡಿದ ಮೇಲೆ ಮೂರು ದಿನಗಳ ಔತಣ ನಡೆಯಿತು. ಎಡ್ವರ್ಡ್ ವಿನ್ಸ್ಲೋ ಎಂಬಾತ 1621ರ ಡಿಸೆಂಬರಿನಲ್ಲಿ ಬರೆದ ಪತ್ರ ಅದಕ್ಕೆ ಮುಖ್ಯ ಸಾಕ್ಷಿ. ಉಳಿದಿದ್ದ ಸುಮಾರು 50 ಇಂಗ್ಲಿಷರ ನಡುವೆ ಮಸಸಾಯ್ಟ್ ತನ್ನ 90 ಜನರೊಂದಿಗೆ ಬಂದನೆಂದೂ, ಅವರು ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟರೆಂದೂ ಅದರಿಂದ ತಿಳಿಯುತ್ತದೆ. ಬೇಟೆಯಾಡಿದ ಹಕ್ಕಿಗಳ ಮಾತಿದೆ, ಟರ್ಕಿ ಕೋಳಿಯ ಹೆಸರಿಲ್ಲ. ಆ ಔತಣವನ್ನು ಯಾರೂ 'ಥ್ಯಾಂಕ್ಸ್‌ಗಿವಿಂಗ್' ಎಂದು ಕರೆದಿರಲೂ ಇಲ್ಲ. ಆ ಜನರಿಗೆ ಕೃತಜ್ಞತೆಯ ದಿನವೆಂದರೆ ಪ್ರಾರ್ಥನೆಯ ದಿನ. 1623ರಲ್ಲಿ ಬರಗಾಲದ ನಡುವೆ ಮಳೆ ಸುರಿದಾಗ ಅಂಥದೊಂದನ್ನು ಆಚರಿಸಿದರು.

ಶಾಲೆಯ ಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಹಡಗುಗಳು ಬರುತ್ತಲೇ ಇದ್ದವು, ವಲಸೆಗಾರರು ಹೆಚ್ಚುತ್ತ ಹೋದರು, ವಾಂಪನೋಗರ ನೆಲ ಕರಗುತ್ತ ಬಂತು. 1675ರಲ್ಲಿ ಮಸಸಾಯ್ಟನ ಮಗ ಮೆಟಕಾಮ್ ಯುದ್ಧಕ್ಕೆ ನಿಂತ. ಇಂಗ್ಲಿಷರು ಅವನನ್ನು ಕರೆದದ್ದು 'ಕಿಂಗ್ ಫಿಲಿಪ್' ಎಂದು. 1676ರ ಆಗಸ್ಟಿನಲ್ಲಿ ಅವನನ್ನು ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಹಾಗೆಯೇ ಬಿಟ್ಟರು. ಸೆರೆಸಿಕ್ಕವರಲ್ಲಿ ಅನೇಕರನ್ನು ವೆಸ್ಟ್ ಇಂಡೀಸಿಗೆ ಗುಲಾಮರಾಗಿ ಮಾರಿದರು. ತಂದೆ ಐದು ಜಿಂಕೆಗಳ ಔತಣಕ್ಕೆ ಬಂದ ಊರಿನಲ್ಲಿಯೇ, 55 ವರ್ಷಗಳ ತರುವಾಯ, ಮಗನ ತಲೆ ಕಂಬದ ಮೇಲೆ! ಇದನ್ನು ನಾನು ನಿಮಗೆ ಹೇಳಿರಲಿಲ್ಲ.

ಹಾಗಾದರೆ ಈ ಹಬ್ಬ ರಾಷ್ಟ್ರೀಯ ಆಚರಣೆಯಾದದ್ದು ಯಾವಾಗ? ಜಾರ್ಜ್ ವಾಷಿಂಗ್ಟನ್ 1789ರ ನವೆಂಬರ್ 26ನ್ನು ಕೃತಜ್ಞತೆಯ ದಿನವೆಂದು ಸಾರಿದ್ದರೂ ಅದು ಪ್ರತಿ ವರ್ಷದ ಪದ್ಧತಿಯಾಗಲಿಲ್ಲ. ಬೇರೆ ಬೇರೆ ರಾಜ್ಯಗಳು ತಮಗೆ ತೋಚಿದ ದಿನ ಆಚರಿಸುತ್ತಿದ್ದವು. ಇಡೀ ದೇಶಕ್ಕೆ ಒಂದೇ ದಿನ ಬೇಕೆಂದು ಹಟ ಹಿಡಿದವರು ಸಾರಾ ಜೊಸೆಫಾ ಹೇಲ್ ಎಂಬ ಮಹಿಳೆ. 1822ರಲ್ಲಿ ಗಂಡನನ್ನು ಕಳೆದುಕೊಂಡು ಐವರು ಮಕ್ಕಳನ್ನು ಲೇಖನಿಯ ಬಲದಿಂದ ಸಾಕಿದ ಈ ತಾಯಿ ಜೀವನವಿಡೀ ಶೋಕದ ಕಪ್ಪು ಉಡುಪನ್ನೇ ಉಟ್ಟವರು. ಕಾನ್ವೆಂಟಿಗೆ ಹೋಗುವ ನಮ್ಮ ಮಕ್ಕಳು ಹಾಡುವ ಮೇರಿಯ ಕುರಿಮರಿಯ ಶಿಶುಗೀತೆ ಇವರದೇ, 1830ರಲ್ಲಿ ಪ್ರಕಟವಾಯಿತು. ಸುಪ್ರಸಿದ್ಧ ಮಹಿಳಾ ಪತ್ರಿಕೆಯೊಂದರ ಸಂಪಾದಕಿಯಾಗಿದ್ದ ಇವರು ಹದಿನೇಳು ವರ್ಷಗಳ ಕಾಲ ರಾಜ್ಯಪಾಲರಿಗೆ, ಅಧ್ಯಕ್ಷರಿಗೆ ಪತ್ರ ಬರೆಯುತ್ತಲೇ ಇದ್ದರು. 1863ರ ಸೆಪ್ಟೆಂಬರ್ 28ರಂದು, ತಮ್ಮ ಎಪ್ಪತ್ತೈದನೆಯ ವಯಸ್ಸಿನ ಹೊಸ್ತಿಲಲ್ಲಿ, ಅಬ್ರಹಾಂ ಲಿಂಕನ್ನರಿಗೆ ಬರೆದರು. ಅಕ್ಟೋಬರ್ 3ರಂದು ಘೋಷಣೆ ಹೊರಬಿತ್ತು: ನವೆಂಬರಿನ ಕೊನೆಯ ಗುರುವಾರ ಇಡೀ ದೇಶಕ್ಕೆ ಕೃತಜ್ಞತೆಯ ದಿನ.

ಆ ಕಾಲವನ್ನು ಗಮನಿಸಿ. ಅಂತರ್ಯುದ್ಧ ನಡೆಯುತ್ತಿತ್ತು. ಜುಲೈ ತಿಂಗಳಲ್ಲಿ ಗೆಟ್ಟಿಸ್‌ಬರ್ಗಿನ ಮೂರು ದಿನಗಳ ಕಾಳಗದಲ್ಲಿ ಸಾವಿರಾರು ಜನ ಸತ್ತಿದ್ದರು. ಲಿಂಕನ್ ದಂಪತಿಗಳ ಮುದ್ದಿನ ಮಗ ವಿಲ್ಲಿ ಹಿಂದಿನ ವರ್ಷವಷ್ಟೇ ಜ್ವರಕ್ಕೆ ತುತ್ತಾಗಿದ್ದ. ವಿದೇಶಾಂಗ ಕಾರ್ಯದರ್ಶಿ ಸಿವರ್ಡ್ ಬರೆದು ಲಿಂಕನ್ ಸಹಿ ಹಾಕಿದ ಆ ಘೋಷಣೆ ಹೊಲಗಳ ಬೆಳೆಯನ್ನೂ ಗಣಿಗಳ ಸಂಪತ್ತನ್ನೂ ಎಣಿಸುತ್ತದೆ. ಜೊತೆಗೆ ದೇಶದ ತಪ್ಪುಗಳಿಗಾಗಿ ಪಶ್ಚಾತ್ತಾಪ ಪಡಬೇಕೆಂದೂ, ಯುದ್ಧದಿಂದ ವಿಧವೆಯರಾದವರನ್ನು, ಅನಾಥರನ್ನು ನೆನೆಯಬೇಕೆಂದೂ ಹೇಳುತ್ತದೆ. ಇದಾದ ಬಳಿಕ ಅಧ್ಯಕ್ಷರು ವರ್ಷ ವರ್ಷವೂ ಈ ದಿನವನ್ನು ಸಾರತೊಡಗಿದರು. 1939ರಲ್ಲಿ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ ಎಳೆದು ದೊಡ್ಡ ಗಲಾಟೆಯಾಯಿತು. ಕೊನೆಗೆ 1941ರಲ್ಲಿ ನಾಲ್ಕನೆಯ ಗುರುವಾರವೆಂದು ಕಾನೂನಾಯಿತು.

ಪ್ಲಿಮತ್ ಬಂಡೆಯ ಎದುರಿಗಿರುವ ಕೋಲ್ಸ್ ಹಿಲ್ ಎಂಬ ಗುಡ್ಡವನ್ನು ಮೊಮ್ಮಗಳ ಕೈಹಿಡಿದು ಹತ್ತಿದೆ. ಮೊದಲ ಚಳಿಗಾಲದಲ್ಲಿ ಸತ್ತ ವಲಸೆಗಾರರನ್ನು ಹೂಳಿದ್ದು ಆ ಗುಡ್ಡದಲ್ಲಿ. ಮೇಲೆ ಮಸಸಾಯ್ಟನ ಕಂಚಿನ ಪ್ರತಿಮೆ ಕಡಲಿನತ್ತ ನೋಡುತ್ತ ನಿಂತಿದೆ. ಪಕ್ಕದಲ್ಲಿ ಒಂದು ಫಲಕ. 1970ರಲ್ಲಿ, ಪಿಲ್‌ಗ್ರಿಮರು ಬಂದ 350ನೆಯ ವರ್ಷದ ಸಮಾರಂಭದಲ್ಲಿ ಮಾತನಾಡಲು ವಾಂಪನೋಗ್ ಜನಾಂಗದ ವಾಮ್ಸಟ್ಟಾ ಫ್ರಾಂಕ್ ಜೇಮ್ಸ್ ಅವರನ್ನು ಆಹ್ವಾನಿಸಿದ್ದರು. ಅವರ ಭಾಷಣವನ್ನು ಮೊದಲೇ ಓದಿದ ಸಂಘಟಕರು ಅದನ್ನು ಹೇಳಲು ಬಿಡಲಿಲ್ಲ. ಅವರು ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ಇದೇ ಗುಡ್ಡದ ಮೇಲೆ ತಮ್ಮ ಜನರೊಂದಿಗೆ ಸೇರಿದರು. ಅಂದಿನಿಂದ ಪ್ರತಿ ವರ್ಷ ಅದೇ ದಿನ, ಅದೇ ಜಾಗದಲ್ಲಿ, ಮೂಲನಿವಾಸಿಗಳು 'ರಾಷ್ಟ್ರೀಯ ಶೋಕದಿನ'ವನ್ನು ಆಚರಿಸುತ್ತಾರೆ. ಒಂದೇ ದಿನ ಮನೆಮನೆಯಲ್ಲಿ ಹಬ್ಬ, ಗುಡ್ಡದ ಮೇಲೆ ಶೋಕ. ಮೊಮ್ಮಗಳು ಫಲಕವನ್ನು ಓದಿ, "ತಾತ, ಹಾಗಾದರೆ ನಾವು ನೆನ್ನೆ ಹಬ್ಬ ಮಾಡಿದ್ದು ತಪ್ಪಾ?" ಎಂದು ಕೇಳಿದಳು.

ಆಗ ನನಗೆ ನನ್ನ ವಾರಾನ್ನದ ದಿನಗಳು ನೆನಪಾದವು. ಈ ಕಥೆಯ ಮೊದಲರ್ಧವನ್ನು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿರಲಿಲ್ಲ. ತಾಲ್ಲೂಕು ಕೇಂದ್ರದಲ್ಲಿ ದೇವಸ್ಥಾನದ ಜಗುಲಿಯ ಮೇಲೆ ಮಲಗಿ, ದಿನಕ್ಕೊಂದು ಮನೆಯಂತೆ ಏಳು ಮನೆಗಳಲ್ಲಿ ಉಂಡು ಓದಿದವನು ನಾನು. ಸೋಮವಾರ ಶಾನುಭೋಗರ ಮನೆ, ಮಂಗಳವಾರ ಅಂಚೆ ಮಾಸ್ತರರ ಮನೆ. ಗುರುವಾರ ಹಪ್ಪಳ ಸಂಡಿಗೆ ಮಾಡಿ ಮಾರಿ ಬದುಕುತ್ತಿದ್ದ ಒಬ್ಬ ವಿಧವೆಯ ಮನೆ. ಆಕೆ ಬೈಯದ ದಿನವಿಲ್ಲ, ನನ್ನ ಅನ್ನಕ್ಕೆ ಒಂದು ಮಿಳ್ಳೆ ತುಪ್ಪ ಹಾಕದ ದಿನವೂ ಇಲ್ಲ.

ನಾನು ಯಾರಿಗೂ ಹೇಳದೆ ಉಳಿಸಿಕೊಂಡ ಅರ್ಧ ಬೇರೆಯಿದೆ. ನನ್ನ ತರಗತಿಯಲ್ಲಿ ಊರಾಚೆಯ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಮೂರು ಮೈಲಿ ನಡೆದು ಬರುತ್ತಿದ್ದ, ಮಧ್ಯಾಹ್ನ ಬಾವಿಯ ಬಳಿ ಯಾರಾದರೂ ನೀರು ಹೊಯ್ದರೆ ಬೊಗಸೆಯೊಡ್ಡಿ ಕುಡಿದು ತರಗತಿಗೆ ಮರಳುತ್ತಿದ್ದ. ನನಗೆ ತೆರೆದ ಏಳು ಬಾಗಿಲುಗಳಲ್ಲಿ ಒಂದೂ ಅವನಿಗೆ ತೆರೆಯುವಂತಿರಲಿಲ್ಲ. ಎರಡನೆಯ ವರ್ಷ ಅವನು ಶಾಲೆಗೆ ಬರಲಿಲ್ಲ. ನಾನು ಎಲ್ಲಿ ಹೋದನೆಂದು ವಿಚಾರಿಸಲೂ ಇಲ್ಲ. ಮುಂದೆ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿ, ಪ್ರತಿ ಬೀಳ್ಕೊಡುಗೆ ಸಮಾರಂಭದಲ್ಲೂ ವಾರಾನ್ನದ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅವನ ಹೆಸರು ಹೇಳಲಿಲ್ಲ.

ಸಂಸ್ಕೃತದಲ್ಲಿ ಕೃತಜ್ಞನೆಂದರೆ ಮಾಡಿದ್ದನ್ನು ಬಲ್ಲವನು ಎಂದರ್ಥ. ನಮಗೆ ಮಾಡಿದ್ದನ್ನು ಬಲ್ಲವನು ಮತ್ತೊಬ್ಬರಿಗೆ ಮಾಡಿದ್ದನ್ನೂ ಬಲ್ಲವನಾಗಬೇಕು ಎಂದು ನನಗೀಗ ತೋರುತ್ತದೆ. ಗುಡ್ಡದ ಮೇಲೆ ಮೊಮ್ಮಗಳಿಗೆ ಹೇಳಿದ್ದೂ ಇದನ್ನೇ: "ಹಬ್ಬ ಮಾಡಿದ್ದು ತಪ್ಪಲ್ಲ ಕಂದ. ಊಟಕ್ಕೆ ಕೂರುವ ಮೊದಲು ಟಿಸ್ಕ್ವಾಂಟಮ್ ಹೆಸರನ್ನೂ ಹೇಳು." ಆಮೇಲಿನ ವರ್ಷಗಳಲ್ಲಿ ಅವರ ಮನೆಯಲ್ಲಿ ಆ ಹೆಸರನ್ನು ಹೇಳಿಯೇ ಊಟಕ್ಕೆ ಕೂರುತ್ತಾರೆಂದು ಮಗಳು ತಿಳಿಸಿದ್ದಾಳೆ.

ಅಂದು ಕೊಡದೆ ಬಿಟ್ಟ ಉತ್ತರವನ್ನು ಈಗ ಕೊಡುತ್ತೇನೆ. ನಲವತ್ತೆಂಟು ವರ್ಷ ನನ್ನ ಜೊತೆಗಿದ್ದವಳಿಗೆ, ಅವಳಿಲ್ಲದ ಮೇಲೆ ನನ್ನನ್ನು ಕೈಬಿಡದ ಮಕ್ಕಳಿಗೆ, ಸಂಜೆ ಕಟ್ಟೆಯ ಮೇಲೆ ಕೂತು ಜಗಳವಾಡುವ ಇಬ್ಬರು ಗೆಳೆಯರಿಗೆ, ನನ್ನ ಅರ್ಧ ಪಾಠಗಳನ್ನು ಕೇಳಿಯೂ ಪೂರ್ಣ ಮನುಷ್ಯರಾಗಿ ಬೆಳೆದ ನಿಮಗೆ, ಹಪ್ಪಳದ ಅಜ್ಜಿಗೆ ನಾನು ಋಣಿ. ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಮಾಡಿ ಹೋದ ಆ ಹುಡುಗನಿಗೆ ನಾನು ಬಾಕಿದಾರ.

ಏಳು ಮನೆಗಳಲ್ಲಿ ಆರರ ಯಜಮಾನರ ಹೆಸರು ನೆನಪಿದೆ, ಭಾನುವಾರದ ಮನೆಯವರದು ಮರೆತುಹೋಗಿದೆ. ತೇರುಬೀದಿಯ ಕೊನೆಯ ಮನೆ, ಹಿತ್ತಲಲ್ಲಿ ನಿಂಬೆಗಿಡವಿತ್ತು. ಆ ಊರಿನ ಕಡೆಯವರು ಯಾರಾದರೂ ಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಗುರುವಾರದೊಳಗೆ ತಿಳಿದರೆ ಒಳ್ಳೆಯದು.